12/2 ಎಂದರೆ ಎಷ್ಟು?

ಹೈಸ್ಕೂಲು ಹುಡುಗನನ್ನು ಕೇಳಿದರೆ ಆರು ಎನ್ನುತ್ತಾನೆ. ಎಕ್ಸೆಲ್ ಹಾಳೆಯಲ್ಲಿ ಅದನ್ನೇ ಟೈಪ್ ಮಾಡಿ ಎಂಟರ್ ಒತ್ತಿದರೆ ಫೆಬ್ರುವರಿ 12 ಆಗಿ ಕೂರುತ್ತದೆ. ಕಂಪ್ಯೂಟರಿನಲ್ಲಿ ಅಮೆರಿಕದ ತಾರೀಖಿನ ಕ್ರಮವಿದ್ದರೆ ಡಿಸೆಂಬರ್ 2 ಆಗುತ್ತದೆ. ಪಹಣಿ ಹಿಡಿದು ನಾಡಕಚೇರಿಯ ಮುಂದೆ ನಿಂತ ರೈತನಿಗೆ ಅದು ಆರೂ ಅಲ್ಲ, ತಾರೀಖೂ ಅಲ್ಲ. ಹನ್ನೆರಡನೇ ಸರ್ವೆ ನಂಬರಿನ ಎರಡನೇ ಹಿಸ್ಸಾ, ಅಣ್ಣತಮ್ಮಂದಿರ ನಡುವೆ ಪಾಲಾದಾಗ ಅವನ ಕೈಗೆ ಬಂದ ಜಮೀನು.

ಮೂರೂ ಸರಿಯೇ. ಇವುಗಳಲ್ಲಿ ಯಾವ ಅರ್ಥ ನಮಗೆ ಬೇಕು ಎಂದು ಹೇಳದೆ ಕಂಪ್ಯೂಟರಿನ ಮುಂದೆ ಸುರಿದಾಗ ಮಾತ್ರ ಎಡವಟ್ಟು ಶುರುವಾಗುತ್ತದೆ. ಅದಕ್ಕೆ ಜಮೀನೂ ಗೊತ್ತಿಲ್ಲ, ಕ್ಯಾಲೆಂಡರೂ ಗೊತ್ತಿಲ್ಲ. ನಾವು ಹೇಳಬೇಕು, ಇಲ್ಲವೇ ಅದು ಊಹಿಸುತ್ತದೆ. ಹೀಗೆ ಹೇಳುವ ಕ್ರಮಕ್ಕೆ ಪ್ರೋಗ್ರಾಮಿಂಗ್‌ನಲ್ಲಿ ಡೇಟಾ ಟೈಪ್ ಎನ್ನುತ್ತಾರೆ. ಆ ದತ್ತಾಂಶವನ್ನು ಮುಂದೆ ಕರೆಯಲು ನಾವು ಕೊಡುವ ಹೆಸರೇ ವೇರಿಯಬಲ್. ಕಲಿಯಲು ಹೊರಟವರಿಗೆ ಮೊದಲ ವಾರದಲ್ಲಿ ಬರುವ ಪಾಠಗಳಿವು. ಬಹಳಷ್ಟು ಪುಸ್ತಕಗಳು ಒಂದು ಕೋಷ್ಟಕ ಹಾಕಿ ಇದನ್ನು ಮುಗಿಸುತ್ತವೆ. ಪೂರ್ಣಾಂಕ ಇಷ್ಟು ಬೈಟ್, ದಶಮಾಂಶ ಅಷ್ಟು ಬೈಟ್, ಪರೀಕ್ಷೆಗೆ ಬಾಯಿಪಾಠ ಮಾಡಿಕೊಳ್ಳಿ ಎಂಬ ಧಾಟಿ. ಇಷ್ಟು ಅಗ್ಗವಾಗಿ ಬಿಟ್ಟುಬಿಡುವ ವಿಷಯ ಇದಲ್ಲ ಎಂಬುದು ನನ್ನ ತಕರಾರು. ದತ್ತಾಂಶ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದರ ಮೇಲೆ ಅದರ ಬಗೆ ನಿಲ್ಲುವುದಿಲ್ಲ, ಅದರಿಂದ ನಾವು ಏನು ಮಾಡಿಸಬೇಕೆಂದಿದ್ದೇವೆ ಎಂಬುದರ ಮೇಲೆ ನಿಲ್ಲುತ್ತದೆ.

ಮೊದಲು ವೇರಿಯಬಲ್. ಉದಾಹರಣೆಗೆ ಪೈಥಾನ್ ಭಾಷೆಯನ್ನು ಇಟ್ಟುಕೊಳ್ಳೋಣ. ಪೈಥಾನಿನ ಮೂರನೇ ಆವೃತ್ತಿಯಿಂದ ಈಚೆಗೆ ವೇರಿಯಬಲ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಇದು ನಮ್ಮ ಎಷ್ಟೋ ಮೇಷ್ಟರುಗಳಿಗೂ ಗೊತ್ತಿದ್ದಂತಿಲ್ಲ. ಕೆಳಗಿನ ಸಾಲುಗಳು ಕಾಲ್ಪನಿಕವಲ್ಲ, ಇದ್ದ ಹಾಗೆಯೇ ಓಡುತ್ತವೆ:

ಬೆಲೆ = 40
ಬೆಲೆ = ಬೆಲೆ + 5

ಬೀಜಗಣಿತ ಓದಿದವರಿಗೆ ಎರಡನೆಯ ಸಾಲು ಅಸಂಬದ್ಧ. ಯಾವ ಸಂಖ್ಯೆ ತಾನೇ ತನಗಿಂತ ಐದು ಹೆಚ್ಚಿರಲು ಸಾಧ್ಯ? ಆದರೆ ಇಲ್ಲಿನ ಸಮ ಚಿಹ್ನೆ ಸಮವೆಂದು ಸಾರುತ್ತಿಲ್ಲ, ಒಂದು ಕೆಲಸ ಹೇಳುತ್ತಿದೆ. ಬಲಗಡೆ ಇರುವುದನ್ನು ಮೊದಲು ಲೆಕ್ಕ ಹಾಕು, ಬಂದ ಉತ್ತರಕ್ಕೆ ಎಡಗಡೆಯ ಹೆಸರನ್ನು ಕೊಡು. ಮೊದಲು 40 ಎಂಬುದಕ್ಕೆ ಇದ್ದ ಹೆಸರು ಈಗ 45ಕ್ಕೆ ಹೋಯಿತು. ಎರಡು ಮೌಲ್ಯಗಳು ಸಮವೇ ಎಂದು ನಿಜಕ್ಕೂ ಕೇಳಬೇಕಾದರೆ ಚಿಹ್ನೆಯನ್ನು ಎರಡು ಸಲ ಒತ್ತಬೇಕು. ಹಳೆಯ ಆಲ್ಗಾಲ್ ಭಾಷೆಯವರು ಈ ಗೊಂದಲ ಬೇಡವೆಂದು ಹೆಸರು ಕೊಡುವುದಕ್ಕೆ ಸಮ ಚಿಹ್ನೆಯ ಹಿಂದೆ ಎರಡು ಚುಕ್ಕಿ ಇಟ್ಟಿದ್ದರು. ಅದು ಒಳ್ಳೆಯ ಪದ್ಧತಿ. ಸಿ ಭಾಷೆ ಅದನ್ನು ಕೈಬಿಟ್ಟಿತು, ಸಿ ಗೆದ್ದಿತು, ಈಗ ಜಗತ್ತೆಲ್ಲ ಒಂಟಿ ಚಿಹ್ನೆಯನ್ನೇ ಬರೆಯುತ್ತಿದೆ.

ವೇರಿಯಬಲ್ ಎಂದರೆ ಒಂದು ಡಬ್ಬಿ, ಅದರೊಳಗೆ ಮೌಲ್ಯ ಇಡುತ್ತೇವೆ ಎಂದು ಎಲ್ಲ ತರಗತಿಗಳಲ್ಲೂ ಹೇಳುತ್ತಾರೆ. ಸಿ ಭಾಷೆಗೆ ಈ ಹೋಲಿಕೆ ಸಾಕಷ್ಟು ಒಪ್ಪುತ್ತದೆ. ಅಲ್ಲಿ ಹೆಸರು ಘೋಷಿಸಿದ ಕೂಡಲೇ ಮೆಮರಿಯಲ್ಲಿ ಇಷ್ಟು ಅಳತೆಯ ಜಾಗ ಗೊತ್ತಾಗಿಬಿಡುತ್ತದೆ. ಪೈಥಾನಿನಲ್ಲಿ ಡಬ್ಬಿ ಕೈಕೊಡುತ್ತದೆ. ಮದುವೆಗೆ ಬರುವವರ ಪಟ್ಟಿ ಮಾಡಿದಿರಿ ಎನ್ನಿ:

ಬರುವವರು = ["ಗಿರಿಜಾ", "ಬಸವರಾಜ"]
ಊಟದವರು = ಬರುವವರು

ಈಗ ಊಟದವರು ಪಟ್ಟಿಗೆ ಮಾತ್ರ ಸಲ್ಮಾ ಎಂಬ ಹೆಸರು ಸೇರಿಸಿ, ಬರುವವರು ಪಟ್ಟಿಯನ್ನು ತೆರೆದು ನೋಡಿ. ಅಲ್ಲೂ ಸಲ್ಮಾ ಇರುತ್ತಾಳೆ. ಡಬ್ಬಿ ಎಂದುಕೊಂಡವರಿಗೆ ಇದು ಮಾಟವೇ ಸರಿ. ಆದರೆ ಅಲ್ಲಿದ್ದುದು ಮೊದಲಿನಿಂದಲೂ ಒಂದೇ ಪಟ್ಟಿ, ಎರಡನೆಯ ಸಾಲು ಅದಕ್ಕೆ ಇನ್ನೊಂದು ಹೆಸರು ಕೊಟ್ಟಿತು, ಅಷ್ಟೇ. ಮನೆಯಲ್ಲಿ ಪುಟ್ಟಿ, ಶಾಲೆಯಲ್ಲಿ ಪೂರ್ಣಿಮಾ ಎಂದು ಕರೆದರೂ ಹುಡುಗಿ ಒಬ್ಬಳೇ ಅಲ್ಲವೇ. ನಿಜಕ್ಕೂ ಎರಡನೇ ಪಟ್ಟಿ ಬೇಕಿದ್ದರೆ ಪ್ರತಿ ಮಾಡು ಎಂದು ಬಾಯಿಬಿಟ್ಟು ಹೇಳಬೇಕು.

ಈ ಹೆಸರುಗಳ ಹಿಂದೆ ಇರುವುದೇನು? ಹೊಸಬರಿಗೆ ನಾಲ್ಕು ಬಗೆ ಗೊತ್ತಿದ್ದರೆ ಆರಂಭಕ್ಕೆ ಸಾಕು. ಪೂರ್ಣಾಂಕ, ಅಂದರೆ ಇಂಟಿಜರ್. ದಶಮಾಂಶ, ಅಂದರೆ ಫ್ಲೋಟ್. ಅಕ್ಷರಮಾಲೆ, ಅಂದರೆ ಸ್ಟ್ರಿಂಗ್. ಹೌದು ಅಥವಾ ಅಲ್ಲ ಎನ್ನುವ ಬೂಲಿಯನ್. ಉದ್ಧರಣ ಚಿಹ್ನೆಯ ನಡುವೆ ಇಟ್ಟದ್ದೆಲ್ಲ ಸ್ಟ್ರಿಂಗ್. ಹೀಗಾಗಿ 12/2 ಎಂದು ಬರೀ ಬರೆದರೆ ಪೈಥಾನ್ ಭಾಗಿಸಿ 6.0 ಎನ್ನುತ್ತದೆ, "12/2" ಎಂದು ಬರೆದರೆ ಮುಟ್ಟದೆ ಇಟ್ಟುಕೊಳ್ಳುತ್ತದೆ. ರೈತನಿಗೆ ಬೇಕಾದದ್ದು ಎರಡನೆಯದು.

ಹೊಸಬರು ಮುಗ್ಗರಿಸುವ ಮೊದಲ ಜಾಗ ಇದೇ. ಬಳಕೆದಾರ ಕೀಬೋರ್ಡಿನಲ್ಲಿ ಒತ್ತಿದ್ದನ್ನು ಪೈಥಾನ್ ಯಾವಾಗಲೂ ಸ್ಟ್ರಿಂಗ್ ಎಂದೇ ತೆಗೆದುಕೊಳ್ಳುತ್ತದೆ. ಎರಡು ಸಂಖ್ಯೆ ಕೇಳಿ ಕೂಡಿಸುವ ಪ್ರೋಗ್ರಾಂ ಬರೆದು, 20 ಮತ್ತು 30 ಕೊಟ್ಟರೆ ಉತ್ತರ 2030 ಎಂದು ಬರುತ್ತದೆ. ಸ್ಟ್ರಿಂಗುಗಳ ನಡುವೆ ಕೂಡು ಚಿಹ್ನೆ ಇಟ್ಟರೆ ಒಂದರ ಪಕ್ಕ ಒಂದನ್ನು ಅಂಟಿಸು ಎಂದರ್ಥ. ಮೊದಲು ಇಂಟ್ ಎಂಬ ಆಜ್ಞೆಯಿಂದ ಅದನ್ನು ಪೂರ್ಣಾಂಕವಾಗಿ ಬದಲಿಸಿಕೊಳ್ಳಬೇಕು. ಈ ಆಜ್ಞೆ ಕನ್ನಡ ಅಂಕಿಗಳನ್ನೂ ಬಲ್ಲದು. "೪೦" ಎಂದು ಕೊಟ್ಟರೂ 40 ಎಂದೇ ಓದಿಕೊಳ್ಳುತ್ತದೆ. ಅನುಕ್ರಮದಲ್ಲೂ ಇದೇ ತೊಡಕು. ಮನೆ ನಂಬರುಗಳನ್ನು ಸ್ಟ್ರಿಂಗ್ ಆಗಿ ಇಟ್ಟು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ 1, 10, 100, 2, 20, 3 ಎಂದು ನಿಲ್ಲುತ್ತವೆ. ನಿಘಂಟಿನಲ್ಲಿ ಪದಗಳನ್ನು ಜೋಡಿಸುವ ನಿಯಮ ಅದು. ಕಂಪ್ಯೂಟರ್ ತಪ್ಪು ಮಾಡಿಲ್ಲ.

ಹಾಗಾದರೆ ಅಂಕಿ ಕಂಡದ್ದನ್ನೆಲ್ಲ ಪೂರ್ಣಾಂಕ ಮಾಡಿಬಿಡೋಣವೇ? ಅಲ್ಲೇ ಎರಡನೆಯ ಗುಂಡಿ ಇದೆ. ಹುಬ್ಬಳ್ಳಿಯ ಎಸ್‌ಟಿಡಿ ಕೋಡ್ 0836, ಮೈಸೂರಿನದು 0821. ಪೂರ್ಣಾಂಕ ಎಂದು ಇಟ್ಟರೆ ಮೊದಲ ಸೊನ್ನೆ ಹಾರಿಹೋಗಿ 836, 821 ಉಳಿಯುತ್ತವೆ. ಸೊನ್ನೆಯಿಂದ ಶುರುವಾಗುವ ಬ್ಯಾಂಕ್ ಖಾತೆಗಳ ಗತಿಯೂ ಅದೇ. ಆಧಾರ್‌ನ 12 ಅಂಕಿಗಳನ್ನು ಎಕ್ಸೆಲ್‌ನ ಸಾಮಾನ್ಯ ಕೋಶದಲ್ಲಿ ತುಂಬಿದರೆ, ಮೊದಲ ಕೆಲವು ಅಂಕಿ ತೋರಿಸಿ ಮಿಕ್ಕದ್ದನ್ನು ಹತ್ತರ ಘಾತವಾಗಿ ಕುಗ್ಗಿಸುತ್ತದೆ. ಅದನ್ನು ಹಾಗೆಯೇ ಸಿಎಸ್‌ವಿ ಕಡತವಾಗಿ ಉಳಿಸಿದರೆ ಬಾಲದ ಅಂಕಿಗಳು ಹೋದಂತೆಯೇ. ಡೆಬಿಟ್ ಕಾರ್ಡಿನ 16 ಅಂಕಿಗಳಾದರಂತೂ ಟೈಪ್ ಮಾಡಿದ ಕ್ಷಣವೇ ಕೊನೆಯದು ಸೊನ್ನೆಯಾಗುತ್ತದೆ. ಎಕ್ಸೆಲ್‌ಗೆ 15 ಅಂಕಿಗಳಾಚೆ ನಿಖರತೆ ಇಲ್ಲ. ನಿಯಮ ಸರಳ: ಇದನ್ನು ನಾನು ಎಂದಾದರೂ ಕೂಡುತ್ತೇನೆಯೇ, ಸರಾಸರಿ ತೆಗೆಯುತ್ತೇನೆಯೇ ಎಂದು ಕೇಳಿಕೊಳ್ಳಿ. ಇಬ್ಬರ ಮೊಬೈಲ್ ನಂಬರಿನ ಸರಾಸರಿಯಿಂದ ಯಾರಿಗೂ ಪ್ರಯೋಜನವಿಲ್ಲ. ಮೊಬೈಲ್, ಪಿನ್‌ಕೋಡ್, ಆಧಾರ್, ರೋಲ್ ನಂಬರ್, ಸರ್ವೆ ನಂಬರ್, ಇವೆಲ್ಲ ಅಂಕಿಯ ವೇಷದ ಹೆಸರುಗಳು. ಸ್ಟ್ರಿಂಗ್ ಆಗಿಯೇ ಇಡಬೇಕು.

ತಾರೀಖಿನ ಕಾಟ ಸರ್ವೆ ನಂಬರಿಗೆ ಮಾತ್ರ ಅಂಟಿದ್ದಲ್ಲ. ತಳಿವಿಜ್ಞಾನದಲ್ಲಿ ಮಾರ್ಚ್1, ಸೆಪ್ಟ್2 ಎಂಬ ಸಂಕ್ಷಿಪ್ತ ಹೆಸರಿನ ಜೀನುಗಳಿದ್ದವು. ವಿಜ್ಞಾನಿಗಳು ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿದಾಗಲೆಲ್ಲ ಅವು ಮಾರ್ಚ್ ಒಂದನೇ ತಾರೀಖು, ಸೆಪ್ಟೆಂಬರ್ ಎರಡನೇ ತಾರೀಖು ಆಗುತ್ತಿದ್ದವು. ಎಕ್ಸೆಲ್ ಪಟ್ಟಿ ಲಗತ್ತಿಸಿದ್ದ ತಳಿವಿಜ್ಞಾನ ಪ್ರಬಂಧಗಳನ್ನು ಜಾಲಾಡಿದ 2016ರ ಒಂದು ಅಧ್ಯಯನಕ್ಕೆ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ದೋಷ ಸಿಕ್ಕಿತು. ಕೊನೆಗೆ 2020ರಲ್ಲಿ ಮಾನವ ಜೀನುಗಳಿಗೆ ಹೆಸರಿಡುವ ಸಮಿತಿ ಸೋಲೊಪ್ಪಿಕೊಂಡು ಜೀನುಗಳ ಹೆಸರನ್ನೇ ಬದಲಾಯಿಸಿತು. ಮಾರ್ಚ್1 ಹೋಗಿ ಮಾರ್ಚ್‌ಎಫ್1, ಸೆಪ್ಟ್2 ಹೋಗಿ ಸೆಪ್ಟಿನ್2 ಬಂದವು. ಒಂದು ತಂತ್ರಾಂಶದ ಅತಿಬುದ್ಧಿವಂತಿಕೆಗೆ ವಿಜ್ಞಾನ ತಲೆಬಾಗಿದ ಈ ಪ್ರಸಂಗ ನನಗಂತೂ ನಗು ತರಿಸುವುದಕ್ಕಿಂತ ಹೆಚ್ಚಾಗಿ ಸಿಟ್ಟು ತರಿಸುತ್ತದೆ. ಕೋಶದ ಬಗೆಯನ್ನು ಮೊದಲೇ ಟೆಕ್ಸ್ಟ್ ಎಂದು ಗೊತ್ತು ಮಾಡಿದ್ದರೆ ಇದಾವುದೂ ಬೇಕಿರಲಿಲ್ಲ.

ಪೂರ್ಣಾಂಕ ಎಂದರೆ ಸಾಧುಪ್ರಾಣಿ ಎಂದುಕೊಂಡಿದ್ದೇವೆ. ಆದರೆ ಹೆಚ್ಚಿನ ಭಾಷೆಗಳಲ್ಲಿ ಅದಕ್ಕೊಂದು ಗಡಿ ಇದೆ. 16 ಬಿಟ್ ಜಾಗ ಕೊಟ್ಟರೆ ಒಟ್ಟು 65,536 ಬೇರೆ ಬೇರೆ ಮೌಲ್ಯಗಳನ್ನು ಮಾತ್ರ ಗುರುತಿಸಬಹುದು. ಅರ್ಧ ಋಣಸಂಖ್ಯೆಗಳಿಗೆ ಹೋದರೆ ಮೇಲಿನ ಮಿತಿ 32,767. 32 ಬಿಟ್ ಕೊಟ್ಟರೆ ಮಿತಿ 214 ಕೋಟಿ 74 ಲಕ್ಷ 83 ಸಾವಿರದ 647. ಗಾಂಗ್ನಮ್ ಸ್ಟೈಲ್ ಹಾಡಿನ ವೀಕ್ಷಣೆಗಳು 2014ರ ಡಿಸೆಂಬರ್‌ನಲ್ಲಿ ಈ ಮಿತಿ ದಾಟಿದವು. ಯೂಟ್ಯೂಬ್ ಲೆಕ್ಕದ ಬಗೆಯನ್ನೇ 64 ಬಿಟ್‌ಗೆ ಏರಿಸಿಕೊಂಡಿತು. ಹೊಸ ಮಿತಿ 19 ಅಂಕಿಗಳಷ್ಟು ಉದ್ದ. ಜಾವಾದಲ್ಲಿ 32 ಬಿಟ್‌ನ ಗರಿಷ್ಠ ಸಂಖ್ಯೆಗೆ ಒಂದು ಕೂಡಿಸಿ ನೋಡಿ. ಕೂಗಾಡುವುದಿಲ್ಲ, ಎಚ್ಚರಿಸುವುದಿಲ್ಲ, ತೆಪ್ಪಗೆ ಋಣಸಂಖ್ಯೆಯ ತಳಕ್ಕೆ ಹೋಗಿ ಕೂರುತ್ತದೆ. ಪೈಥಾನಿನಲ್ಲಿ ಈ ಭಯವಿಲ್ಲ, ಮೆಮರಿ ಇರುವವರೆಗೆ ಪೂರ್ಣಾಂಕ ಬೆಳೆಯುತ್ತದೆ.

ಗಡಿ ಮರೆತದ್ದಕ್ಕೆ ದೊಡ್ಡ ಬೆಲೆ ತೆತ್ತವರು ಯುರೋಪಿನವರು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ಉಡ್ಡಯನ ಕೇಂದ್ರದಿಂದ ಏರಿಯಾನ್-5 ರಾಕೆಟ್ ಮೊದಲ ಸಲ ಹಾರಿತು. ನಲವತ್ತು ಸೆಕೆಂಡು ಕಳೆಯುವಷ್ಟರಲ್ಲಿ ದಾರಿ ತಪ್ಪಿ ಚೂರುಚೂರಾಯಿತು, ಒಳಗಿದ್ದ ಕ್ಲಸ್ಟರ್ ಎಂಬ ನಾಲ್ಕು ಉಪಗ್ರಹಗಳೂ ಹೋದವು. ಇಂಜಿನ್ನಿನಲ್ಲಿ ಲೋಪವಿರಲಿಲ್ಲ. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ಮೌಲ್ಯ 64 ಬಿಟ್‌ನ ಫ್ಲೋಟ್ ಆಗಿತ್ತು. ಪ್ರೋಗ್ರಾಂ ಅದನ್ನು 16 ಬಿಟ್‌ನ ಪೂರ್ಣಾಂಕವಾಗಿ ಬದಲಿಸಲು ಹೋಯಿತು. ಮೌಲ್ಯ 32,767 ದಾಟಿದ್ದರಿಂದ ಹಿಡಿಸಲಿಲ್ಲ. ದಿಕ್ಕು ಹೇಳುವ ಕಂಪ್ಯೂಟರ್ ಕೈಚೆಲ್ಲಿತು. ಅದಕ್ಕೆ ಆಸರೆಯಾಗಿದ್ದ ಎರಡನೆಯದೂ ಅದೇ ಪ್ರೋಗ್ರಾಂ ಓಡಿಸುತ್ತಿದ್ದುದರಿಂದ ಅದೂ ನಿಂತಿತು. ಆ ಪ್ರೋಗ್ರಾಂ ಹಳೆಯ ಏರಿಯಾನ್-4ರಿಂದ ಎತ್ತಿಕೊಂಡದ್ದು. ಅಲ್ಲಿ ಆ ಮೌಲ್ಯ ಎಂದೂ ಅಷ್ಟು ದೊಡ್ಡದಾಗುತ್ತಿರಲಿಲ್ಲ, ಹೊಸ ರಾಕೆಟ್ ವೇಗವಾಗಿ ಬಾಗುವಂಥದ್ದು. ಇನ್ನೂ ಹೊಟ್ಟೆ ಉರಿಸುವ ಸಂಗತಿ ಎಂದರೆ, ಏರಿಯಾನ್-5 ನೆಲಬಿಟ್ಟ ಮೇಲೆ ಆ ಲೆಕ್ಕದಿಂದ ಏನೂ ಉಪಯೋಗವೇ ಇರಲಿಲ್ಲ.

ಇಂಥದ್ದೇ ಇನ್ನೊಂದು ಗಡಿ ನಮ್ಮ ಮುಂದಿದೆ. ಅನೇಕ ವ್ಯವಸ್ಥೆಗಳು ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. 32 ಬಿಟ್‌ನಲ್ಲಿ ಎಣಿಸುವ ಹಳೆಯ ಯಂತ್ರಗಳಿಗೆ 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಎಣಿಕೆ ಮುಗಿಯುತ್ತದೆ.

ಫ್ಲೋಟ್ ಪೂರ್ಣಾಂಕಕ್ಕಿಂತ ಮೋಸಗಾರ. ಪೈಥಾನಿಗೆ 0.1 + 0.2 ಎಷ್ಟು ಎಂದು ಕೇಳಿದರೆ 0.30000000000000004 ಎನ್ನುತ್ತದೆ. ಕಂಪ್ಯೂಟರಿಗೆ ಕೂಡಲು ಬಾರದೇ ಎಂದು ನಗುವ ಮುನ್ನ ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಲು ಹೊರಡಿ: 0.3333 ಎಂದು ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಎರಡರ ಮೇಲೆ ನಿಂತ ಕಂಪ್ಯೂಟರಿನ ಲೆಕ್ಕದಲ್ಲಿ ಹತ್ತನೇ ಒಂದು ಭಾಗದ ಪಾಡೂ ಅದೇ. ಕೊನೆಯಿಲ್ಲದ ಸಾಲನ್ನು ಎಲ್ಲೋ ಕತ್ತರಿಸಿ ಇಟ್ಟಿರುತ್ತದೆ. ಕತ್ತರಿಸಿದ ಚೂರು ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಮತ್ತೆ ಮತ್ತೆ ಕೂಡಿಸಿದರೆ ಬೆಳೆಯುತ್ತದೆ. ಕೊಲ್ಲಿ ಯುದ್ಧದ ಕಾಲದಲ್ಲಿ ಸೌದಿ ಅರೇಬಿಯಾದ ದಹ್ರಾನ್‌ನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೇ ಭಾಗದಲ್ಲಿ ಎಣಿಸುತ್ತಿತ್ತು. ಆ ಹತ್ತನೇ ಭಾಗವನ್ನು 24 ಬಿಟ್‌ಗೆ ಕತ್ತರಿಸಿ ಇಟ್ಟಿದ್ದರು. ನೂರು ಗಂಟೆ ಬಿಡದೆ ಓಡಿದ ಮೇಲೆ ಗಡಿಯಾರ ಸುಮಾರು 0.34 ಸೆಕೆಂಡು ತಪ್ಪಿತ್ತು. ಅದು ಹೊಡೆದುರುಳಿಸಬೇಕಿದ್ದ ಇರಾಕಿನ ಸ್ಕಡ್ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. 1991ರ ಫೆಬ್ರುವರಿ 25ರಂದು ಪೇಟ್ರಿಯಟ್ ಅದನ್ನು ಗುರುತಿಸಲಿಲ್ಲ. ಅಮೆರಿಕದ 28 ಸೈನಿಕರು ಸತ್ತರು.

ನಾವು ಕ್ಷಿಪಣಿ ಹಾರಿಸುವವರಲ್ಲ, ನಿಜ. ಆದರೆ ಕಿರಾಣಿ ಅಂಗಡಿಯ ಬಿಲ್ಲಿಗೂ ಇದು ಮುಟ್ಟುತ್ತದೆ. ದುಡ್ಡನ್ನು ಫ್ಲೋಟ್‌ನಲ್ಲಿ ಇಡಬೇಡಿ ಎಂಬುದು ಬ್ಯಾಂಕ್ ತಂತ್ರಾಂಶ ಬರೆಯುವವರೆಲ್ಲ ಹೊಸಬರಿಗೆ ಹೇಳುವ ಮೊದಲ ಬುದ್ಧಿಮಾತು. 49 ರೂಪಾಯಿ 50 ಪೈಸೆಯನ್ನು 49.50 ಎನ್ನದೆ 4950 ಪೈಸೆ ಎಂದು ಪೂರ್ಣಾಂಕದಲ್ಲಿ ಇಟ್ಟು, ತೋರಿಸುವಾಗ ಮಾತ್ರ ಚುಕ್ಕಿ ಹಾಕುತ್ತಾರೆ. ಪೈಥಾನಿನಲ್ಲಿ ಡೆಸಿಮಲ್ ಎಂಬ ಬೇರೆಯದೇ ಬಗೆ ಇದಕ್ಕೆಂದೇ ಇದೆ.

ಇನ್ನು ಚುಕ್ಕಿ ಇದ್ದ ಮಾತ್ರಕ್ಕೆ ದಶಮಾಂಶವೂ ಅಲ್ಲ. ಇದಕ್ಕೆ ಕರ್ನಾಟಕದಲ್ಲಿ ಪ್ರತಿ ರೈತನ ಮನೆಯಲ್ಲೂ ಸಾಕ್ಷಿ ಸಿಗುತ್ತದೆ. ಪಹಣಿಯಲ್ಲಿ ವಿಸ್ತೀರ್ಣ ಎಕರೆ, ಗುಂಟೆ, ಆಣೆಗಳಲ್ಲಿ ಇರುತ್ತದೆ. 2.20 ಎಂದು ಕಂಡರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ. ಇದನ್ನು ಎಕ್ಸೆಲ್‌ಗೆ ಸಂಖ್ಯೆಯೆಂದು ಹಾಕಿದರೆ ಮೊದಲು ಕೊನೆಯ ಸೊನ್ನೆ ಮಾಯವಾಗಿ 2.2 ಎಂದಾಗುತ್ತದೆ. ಮುಂದೆ ಓದುವವನಿಗೆ ಅದು ಎರಡು ಎಕರೆ ಎರಡು ಗುಂಟೆಯಾಗಿ ಕಾಣಬಹುದು. ಹದಿನೆಂಟು ಗುಂಟೆ, ಅಂದರೆ 19,602 ಚದರ ಅಡಿ, ಒಂದು ಸೊನ್ನೆಯ ಜೊತೆ ಹೋಯಿತು. ಕೂಡಿಸಿದರೆ ಇನ್ನೂ ಅನಾಹುತ. ಒಂದು ಎಕರೆ ಇಪ್ಪತ್ತೈದು ಗುಂಟೆ ಮತ್ತು ಎರಡು ಎಕರೆ ಇಪ್ಪತ್ತು ಗುಂಟೆ ಸೇರಿದರೆ ನಾಲ್ಕು ಎಕರೆ ಐದು ಗುಂಟೆ. ಫ್ಲೋಟ್ ಕೂಡಿದರೆ 3.45. ಶ್ಯಾನುಭೋಗರ ಕಾಲದ ಕೈಬರಹದಲ್ಲಿ ಈ ಗೊಂದಲಕ್ಕೆ ಜಾಗವಿರಲಿಲ್ಲ, ಬರೆಯುವವನಿಗೂ ಓದುವವನಿಗೂ ಗುಂಟೆ ಗೊತ್ತಿತ್ತು. ಕಂಪ್ಯೂಟರಿಗೆ ಚುಕ್ಕಿ ಮಾತ್ರ ಗೊತ್ತು.

ಕ್ರಿಕೆಟ್ ನೋಡುವವರಿಗೂ ಇದೇ ಕಥೆ. 4.3 ಓವರ್ ಎಂದರೆ ನಾಲ್ಕು ಓವರ್, ಮೂರು ಎಸೆತ. ನಿಜವಾದ ದಶಮಾಂಶದಲ್ಲಿ ಅದು ನಾಲ್ಕೂವರೆ. ಬೌಲರ್ 36 ರನ್ ಕೊಟ್ಟಿದ್ದರೆ ಓವರಿಗೆ 8 ರನ್ನಿನ ಲೆಕ್ಕ, 36ನ್ನು 4.3ರಿಂದ ಭಾಗಿಸಿದವನಿಗೆ 8.37 ಬರುತ್ತದೆ. ಒಂದು ಪಂದ್ಯದಲ್ಲಿ 3.4, ಇನ್ನೊಂದರಲ್ಲಿ 2.5 ಓವರ್ ಹಾಕಿದವನ ಒಟ್ಟು ಎಸೆತ 39, ಅಂದರೆ 6.3 ಓವರ್. ನೇರ ಕೂಡಿದರೆ 5.9, ಆರು ಎಸೆತದ ಓವರಿನಲ್ಲಿ ಒಂಬತ್ತನೇ ಎಸೆತ!

ಎರಡಕ್ಕೂ ಮದ್ದು ಒಂದೇ, ಅದೂ ಪೈಸೆಯ ದಾರಿಯಲ್ಲೇ ಇದೆ. ಅತಿ ಸಣ್ಣ ಘಟಕ ಹಿಡಿದು ಪೂರ್ಣಾಂಕವಾಗಿ ಇಡಿ. ಓವರ್ ಬೇಡ, ಎಸೆತ ಎಣಿಸಿ. ಎಕರೆ ಬೇಡ, ಗುಂಟೆ ಎಣಿಸಿ, ಆಣೆಯೂ ಬೇಕಿದ್ದರೆ ಗುಂಟೆಗೆ ಹದಿನಾರರಂತೆ ಆಣೆಯನ್ನೇ ಎಣಿಸಿ. ಕೂಡುವುದು, ಕಳೆಯುವುದು ಎಲ್ಲ ಮುಗಿದ ಮೇಲೆ ಮನುಷ್ಯರು ಓದುವ ರೂಪಕ್ಕೆ ತನ್ನಿ. ಜೊತೆಗೆ ಘಟಕವನ್ನು ಹೆಸರಿನಲ್ಲೇ ಹೇಳಿಬಿಡಿ:

ವಿಸ್ತೀರ್ಣ_ಗುಂಟೆ = 2 * 40 + 20

ಬರೀ ವಿಸ್ತೀರ್ಣ ಎಂದು ಬರೆದಿದ್ದರೆ ಆರು ತಿಂಗಳ ನಂತರ ಅದು ಎಕರೆಯೋ ಗುಂಟೆಯೋ ಚದರ ಅಡಿಯೋ ನಿಮಗೇ ಗೊತ್ತಿರುವುದಿಲ್ಲ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರಲ್ಲಿ ಮಂಗಳನ ಬಳಿ ನಾಶವಾದದ್ದು ಹೀಗೆಯೇ. ಒಂದು ತಂಡದ ಪ್ರೋಗ್ರಾಂ ಬಲವನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತು, ತೆಗೆದುಕೊಂಡ ಇನ್ನೊಂದು ಅದನ್ನು ನ್ಯೂಟನ್ ಎಂದುಕೊಂಡಿತು. ಡೇಟಾ ಟೈಪ್ ಸರಿಯಿತ್ತು, ಎರಡೂ ಕಡೆ ಸಂಖ್ಯೆಯೇ. ಅಳತೆಗೋಲು ಬೇರೆ. ಟೈಪ್ ಹೇಳದ್ದನ್ನು ಹೆಸರು ಹೇಳಬೇಕು. ಕ, ಗ, ಎಕ್ಸ್, ವೈ ಎಂದು ಹೆಸರಿಡುವುದು ಗಣಿತದ ಪುಸ್ತಕಕ್ಕೆ ಚೆಂದ.

ಸ್ಟ್ರಿಂಗ್ ವಿಷಯದಲ್ಲಿ ಇಂಗ್ಲಿಷಿನ ಪಾಠಪುಸ್ತಕ ಹೇಳದ ಮಾತು ಕನ್ನಡದವರಿಗೆ ಬೇಕು. ಸ್ಟ್ರಿಂಗ್ ಎಷ್ಟು ಉದ್ದವಿದೆ ಎಂದು ಕೇಳುವ ಆಜ್ಞೆಗೆ "ಕನ್ನಡ" ಎಂದು ಕೊಟ್ಟರೆ ಪೈಥಾನ್ 5 ಎನ್ನುತ್ತದೆ. ನಾವು ಎಣಿಸಿದರೆ ಮೂರೇ ಅಕ್ಷರ. ಯೂನಿಕೋಡ್ ಎಣಿಕೆ ಬೇರೆ: ಕ, ನ, ಹಲಂತ, ಮತ್ತೆ ನ, ಡ. ಒತ್ತಕ್ಷರಕ್ಕೆ ಅಲ್ಲಿ ಸ್ವಂತ ಸಂಕೇತವಿಲ್ಲ, ಹಲಂತದಿಂದ ಕಟ್ಟುತ್ತದೆ. "ಶ್ರೀ" ಎಂಬ ಒಂದೇ ಅಕ್ಷರದಲ್ಲಿ ನಾಲ್ಕು ಸಂಕೇತಗಳಿವೆ. ಯುಟಿಎಫ್-8 ಕ್ರಮದಲ್ಲಿ ಕಡತಕ್ಕೆ ಬರೆದಾಗ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ತಿನ್ನುತ್ತದೆ. "ಕನ್ನಡ" ಎಂದರೆ 15 ಬೈಟ್. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವ ಎಸ್‌ಎಂಎಸ್ ಕನ್ನಡದಲ್ಲಿ 70 ಸಂಕೇತಕ್ಕೇ ತುಂಬಿಹೋಗುವುದು ಇದರ ಸೋದರ ಸಮಸ್ಯೆ. ಹೆಸರಿಗೆ 20 ಅಕ್ಷರ ಸಾಕು ಎಂದು ಇಂಗ್ಲಿಷ್ ಮನಸ್ಸಿನಲ್ಲಿ ಲೆಕ್ಕ ಹಾಕಿದ ಅರ್ಜಿಯಲ್ಲಿ ನಮ್ಮವರ ಹೆಸರಿನ ಬಾಲ ಕತ್ತರಿಸಿಹೋಗುವುದೂ ಇಲ್ಲಿಂದಲೇ.

ತರಗತಿಗಳಲ್ಲಿ ಸ್ಟ್ರಿಂಗನ್ನು ಹಿಂದುಮುಂದು ಮಾಡುವ ಅಭ್ಯಾಸ ಕೊಡುತ್ತಾರೆ. "ಮೈಸೂರು" ತಿರುಗಿಸಿ ನೋಡಿ. "ರುಸೂಮೈ" ಬರುವುದಿಲ್ಲ. ಸ್ವರಚಿಹ್ನೆಗಳು ತಮ್ಮ ವ್ಯಂಜನ ಬಿಟ್ಟು ಪಕ್ಕದವಕ್ಕೆ ಅಂಟಿಕೊಂಡು, ಮೊದಲಿಗೊಂದು ಅನಾಥ ಕೊಂಬು, ಆಮೇಲೆ "ರೂಸೈಮ" ಎಂದಾಗುತ್ತದೆ. ಇನ್ನು ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳ ಕಥೆ ಡಿಟಿಪಿ ಅಂಗಡಿಯವರಿಗೆಲ್ಲ ಗೊತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಒಳಗೆ ಇದ್ದದ್ದೇ ಅದು. ಫಾಂಟ್ ಅದರ ಮೇಲೆ ಕನ್ನಡದ ಚಿತ್ರ ಹಾಸಿತ್ತು. ಅಂಥ ಕಡತದಲ್ಲಿ ಅಕಾರಾದಿ ಕ್ರಮ, ಹುಡುಕಾಟ ಯಾವುದೂ ನೆಟ್ಟಗಾಗುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸಿಕೊಂಡೇ ಮುಂದುವರಿಯಬೇಕು.

ಬೂಲಿಯನ್‌ಗೆ ಆ ಹೆಸರು 1847ರಲ್ಲಿ ತರ್ಕವನ್ನು ಬೀಜಗಣಿತವಾಗಿಸಿದ ಜಾರ್ಜ್ ಬೂಲ್‌ನಿಂದ ಬಂತು. ಎರಡೇ ಮೌಲ್ಯ, ಹೆಚ್ಚು ಹೇಳಲು ಏನಿಲ್ಲ. ಒಂದು ಎಚ್ಚರಿಕೆ ಮಾತ್ರ: ಪೈಥಾನ್ ಖಾಲಿಯಲ್ಲದ ಸ್ಟ್ರಿಂಗನ್ನೆಲ್ಲ ಹೌದು ಎಂದೇ ಎಣಿಸುತ್ತದೆ. ಹಾಗಾಗಿ "ಇಲ್ಲ" ಎಂಬ ಸ್ಟ್ರಿಂಗ್ ಕೂಡ ಅದಕ್ಕೆ ಹೌದು.

ಇವುಗಳ ಜೊತೆಗೆ ಏನೂ ಇಲ್ಲ ಎಂಬುದಕ್ಕೂ ಒಂದು ಬಗೆ ಬೇಕಾಗುತ್ತದೆ. ಪೈಥಾನಿನಲ್ಲಿ ಅದಕ್ಕೆ ನನ್ ಎನ್ನುತ್ತಾರೆ. ಪರೀಕ್ಷೆಯಲ್ಲಿ ಸೊನ್ನೆ ತೆಗೆದವನೂ ಪರೀಕ್ಷೆಗೇ ಬಾರದವನೂ ಒಂದೇ ಅಲ್ಲ. ಗೈರಾದವನಿಗೆ 0 ತುಂಬಿದರೆ ಇಡೀ ತರಗತಿಯ ಸರಾಸರಿ ಕುಸಿಯುತ್ತದೆ. ಇದೂ ದುಬಾರಿ ವಸ್ತುವೇ. ಇದರ ಹಿರಿಯಣ್ಣ ನಲ್ ರೆಫರೆನ್ಸನ್ನು 1965ರಲ್ಲಿ ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ಇರುವುದೋ ಇಲ್ಲವೋ ಎಂದು ಪರೀಕ್ಷಿಸದೆ ಬಳಸಿದ ಕಡೆಯಲ್ಲೆಲ್ಲ ಪ್ರೋಗ್ರಾಂಗಳು ಬಿದ್ದವು ಎಂಬುದು ಅವರ ಹಳಹಳಿ.

ಕೊನೆಗೊಂದು ಜಗಳ ಉಳಿದಿದೆ. ಸಿ, ಜಾವಾ ಭಾಷೆಗಳಲ್ಲಿ ಸಾಮಾನ್ಯವಾಗಿ ಪ್ರತಿ ಹೆಸರಿನ ಬಗೆಯನ್ನೂ ಮೊದಲೇ ಘೋಷಿಸಬೇಕು, ಆಮೇಲೆ ಬದಲಿಸುವಂತಿಲ್ಲ. ಪೈಥಾನಿನಲ್ಲಿ ಬೆಲೆ ಎಂಬ ಹೆಸರು ಬೆಳಿಗ್ಗೆ 40 ಇದ್ದು ಸಂಜೆ "ನಲವತ್ತು" ಆಗಬಹುದು. ಆದರೂ ಪೈಥಾನ್ ಸಡಿಲವಲ್ಲ. "5" ಎಂಬ ಸ್ಟ್ರಿಂಗಿಗೆ 3 ಕೂಡು ಎಂದರೆ ಒಪ್ಪದೆ ನಿಂತುಬಿಡುತ್ತದೆ. ಜಾವಾಸ್ಕ್ರಿಪ್ಟ್ ಬಲು ಸೌಜನ್ಯದಿಂದ 53 ಎಂದು ಉತ್ತರಿಸಿ ಮುಂದೆ ಹೋಗುತ್ತದೆ. 1995ರಲ್ಲಿ ಹತ್ತೇ ದಿನದಲ್ಲಿ ಅದರ ಮೊದಲ ರೂಪ ಸಿದ್ಧವಾಗಿತ್ತು. ಆ ಅವಸರದ ಗುರುತುಗಳು ಇವತ್ತಿಗೂ ಹೋಗಿಲ್ಲ. ಕಲಿಯುವವರಿಗೆ ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನ ಮತ ಪೈಥಾನಿಗೆ. ಘೋಷಣೆಯ ಶಾಸ್ತ್ರ ಇಲ್ಲದ್ದರಿಂದ ಮೊದಲ ದಿನವೇ ಏನಾದರೂ ಓಡಿಸಿ ನೋಡಬಹುದು, ತಪ್ಪಿದಾಗ ಸುಮ್ಮನೆ ತಪ್ಪು ಉತ್ತರ ಕೊಡದೆ ಜಗಳಕ್ಕೆ ಬರುತ್ತದೆ. ಮೌನವಾಗಿ ತಪ್ಪುವ ಯಂತ್ರಕ್ಕಿಂತ ಅದು ಮೇಲು.

ಪೈಥಾನ್ ಉಚಿತ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಮೊಬೈಲಿನಲ್ಲಿ ಓಡಿಸುವ ಆ್ಯಪ್‌ಗಳೂ ಇವೆ. ಹಾಕಿಕೊಂಡು ನಿಮ್ಮ ಮನೆಯದೇ ಲೆಕ್ಕ ಬರೆಯಿರಿ. ಹಾಲಿನ ಬಿಲ್ಲಾಗಲಿ, ಜಮೀನಿನ ವಿಸ್ತೀರ್ಣವಾಗಲಿ ಏನಾದರೂ ನಡೆಯುತ್ತದೆ. ಅನುಮಾನ ಬಂದ ಹೆಸರನ್ನು ಟೈಪ್ ಎಂಬ ಆಜ್ಞೆಗೆ ಕೊಟ್ಟರೆ ಅದರ ಬಗೆ ಯಾವುದೆಂದು ತಿಳಿಯುತ್ತದೆ. ಕೆಂಪು ಅಕ್ಷರದಲ್ಲಿ ದೋಷದ ಸಾಲುಗಳು ಬಂದರೆ ಗಾಬರಿ ಬೇಡ, ಕೊನೆಯ ಸಾಲನ್ನು ಮೊದಲು ಓದಿ. ಅಲ್ಲಿ ಟೈಪ್‌ಎರರ್ ಎಂದಿದ್ದರೆ, ಯಾವ ಬಗೆಯ ಜೊತೆ ಯಾವ ಬಗೆ ಕೂಡಲಿಲ್ಲ ಎಂಬುದು ಸಾಮಾನ್ಯವಾಗಿ ಅದೇ ಸಾಲಿನಲ್ಲಿ ಇರುತ್ತದೆ.